ನಮೀಬಿಯಾದಲ್ಲಿ ಹಕ್ಕಿ ನೋಡಲು ಹೊರಡುವ ನಾಲ್ವರು ಗೆಳೆಯರಿಗೆ

ಮೊದಲ ಸಲ ನಮೀಬಿಯಾಕ್ಕೆ ಹೊರಟಾಗ ನಾವು ಗೆಳೆಯರು ಕುಳಿತು ಬರೆದ ಯೋಜನೆಯಲ್ಲಿ ಹತ್ತು ದಿನಗಳಿಗೆ ಹನ್ನೊಂದು ತಾಣಗಳಿದ್ದವು. ನಕ್ಷೆಯ ಮೇಲೆ ಎಲ್ಲವೂ ಹತ್ತಿರವಾಗಿ ಕಂಡಿದ್ದವು. ಮೂರನೆಯ ದಿನ ಮಧ್ಯಾಹ್ನ, ಜಲ್ಲಿ ರಸ್ತೆಯ ಧೂಳಿನಲ್ಲಿ ಆರನೆಯ ಗಂಟೆ ಕುಳಿತಿದ್ದಾಗ, ಕಿಟಕಿಯಾಚೆ ದೊಡ್ಡ ಹಕ್ಕಿಯೊಂದು ನಿಧಾನವಾಗಿ ನಡೆದು ಹೋಗುತ್ತಿರುವುದು ಕಂಡಿತು. ನಿಲ್ಲಿಸಲು ಸಮಯವಿರಲಿಲ್ಲ. ಅದು ಯಾವ ಹಕ್ಕಿ ಎಂಬುದು ಇಂದಿಗೂ ಗೊತ್ತಿಲ್ಲ. ಅಂದು ರಾತ್ರಿಯೇ ಯೋಜನೆಯ ಅರ್ಧವನ್ನು ಹೊಡೆದು ಹಾಕಿದೆವು. ಅಲ್ಲಿಂದ ಮುಂದೆ ಪ್ರವಾಸ ಚೆನ್ನಾಯಿತು.

ಎಂಟೂಕಾಲು ಲಕ್ಷ ಚದರ ಕಿಲೋಮೀಟರ್ ವಿಸ್ತಾರದಲ್ಲಿ ಮೂವತ್ತು ಲಕ್ಷದಷ್ಟು ಜನ ಮಾತ್ರ ಇರುವ ನಾಡು ಅದು. 650ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಅಲ್ಲಿವೆ. ಮರುಭೂಮಿ, ಸಮುದ್ರತೀರ, ಕಲ್ಲುಗುಡ್ಡ, ಹುಲ್ಲುಗಾವಲು ಎಲ್ಲವನ್ನೂ ನಿಮ್ಮದೇ ಗಾಡಿಯಲ್ಲಿ ನೀವೇ ಓಡಿಸಿಕೊಂಡು ನೋಡಬಹುದು. ಆಡಳಿತ ಭಾಷೆ ಇಂಗ್ಲಿಷ್ ಆದ್ದರಿಂದ ಫಲಕ ಓದುವುದಕ್ಕೂ ದಾರಿ ಕೇಳುವುದಕ್ಕೂ ತೊಂದರೆಯಿಲ್ಲ. ಆಫ್ರಿಕಾವನ್ನು ಹಿಂದೆ ಕಾಣದವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲವೆಂದೇ ನನ್ನ ನಂಬಿಕೆ.

ಮೊದಲು ಗೆಳೆಯರ ನಡುವೆ ಮಾತಾಗಲಿ

ಟಿಕೆಟ್ ಕೊಳ್ಳುವ ಮೊದಲೇ ಎಲ್ಲರೂ ಒಂದೆಡೆ ಕುಳಿತು ತಮಗೆ ಬೇಕಾದುದನ್ನು ಬಾಯಿಬಿಟ್ಟು ಹೇಳಬೇಕು. ಒಬ್ಬರಿಗೆ ಹೊಸ ಹಕ್ಕಿಗಳ ಎಣಿಕೆ ಮುಖ್ಯ, ಇನ್ನೊಬ್ಬರಿಗೆ ಫೋಟೊ, ಮತ್ತೊಬ್ಬರಿಗೆ ಆನೆ ಮತ್ತು ಸಿಂಹ, ಮಗದೊಬ್ಬರಿಗೆ ಸುಮ್ಮನೆ ಆ ನಾಡಿನಲ್ಲಿ ಇರುವುದು. ನಾಲ್ಕೂ ನ್ಯಾಯವಾದ ಆಸೆಗಳೇ. ಆದರೆ ಫೋಟೊ ತೆಗೆಯುವವರಿಗೆ ಒಂದೇ ಹಕ್ಕಿಯ ಮುಂದೆ ಮುಕ್ಕಾಲು ಗಂಟೆ ಬೇಕು, ಪಟ್ಟಿ ಬೆಳೆಸುವವರು ಎರಡು ನಿಮಿಷಕ್ಕೆ ಮುಂದಿನದಕ್ಕೆ ಹೊರಡುತ್ತಾರೆ. ಇದನ್ನು ಮೊದಲೇ ಮಾತನಾಡಿಕೊಳ್ಳದಿದ್ದರೆ ಐದನೆಯ ದಿನ ಗಾಡಿಯೊಳಗೆ ಮೌನ ಆವರಿಸುತ್ತದೆ. ನಾವು ಮಾಡಿಕೊಂಡ ಒಪ್ಪಂದ ಸರಳವಾಗಿತ್ತು: ದಿನಕ್ಕೊಬ್ಬರು ಯಜಮಾನರು. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬುದರಲ್ಲಿ ಅಂದು ಅವರ ಮಾತೇ ಕೊನೆ.

ನಾಲ್ವರೇ ಏಕೆಂದರೆ ಗಾಡಿಗೆ ಕಿಟಕಿಗಳು ನಾಲ್ಕು. ಹಿಂದಿನ ಸೀಟಿನ ನಡುವೆ ಕೂರುವ ಐದನೆಯವರಿಗೆ ಎರಡು ವಾರ ಸ್ನೇಹಿತರ ಭುಜಗಳು ಕಾಣುತ್ತವೆಯೇ ಹೊರತು ಹಕ್ಕಿ ಕಾಣುವುದಿಲ್ಲ. ಐವರಾದರೆ ಎರಡು ಗಾಡಿ ತೆಗೆದುಕೊಳ್ಳಿ.

ಖರ್ಚಿಗೆ ಒಂದು ಸಾಮಾನ್ಯ ಚೀಲ ಇಟ್ಟು, ಎಲ್ಲರೂ ಸಮನಾಗಿ ಹಣ ಹಾಕಿ, ಇಂಧನ, ಪ್ರವೇಶ ಶುಲ್ಕ, ದಿನಸಿ ಎಲ್ಲವನ್ನೂ ಅದರಿಂದಲೇ ಕೊಡಿ. ಲೆಕ್ಕದ ಜಗಳ ಹುಟ್ಟುವುದೇ ಇಲ್ಲ.

ಯಾವಾಗ ಹೋಗಬೇಕು

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಒಣಹವೆ. ಹುಲ್ಲು ತಗ್ಗಿರುತ್ತದೆ, ಪ್ರಾಣಿಗಳೂ ಹಕ್ಕಿಗಳೂ ನೀರಿನ ಹೊಂಡಗಳ ಸುತ್ತ ನೆರೆಯುತ್ತವೆ. ನವೆಂಬರ್-ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಬಂದರೆ, ಮಳೆ. ಆಗ ವಲಸೆ ಹಕ್ಕಿಗಳು ಬಂದಿರುತ್ತವೆ, ಗೀಜಗಗಳು ಬಣ್ಣ ತಾಳಿರುತ್ತವೆ, ಆದರೆ ಕೆಲವು ರಸ್ತೆಗಳು ಕೊಚ್ಚಿ ಹೋಗುತ್ತವೆ. ಉತ್ತರ ಗೋಳದಿಂದ ಬರುವ ನೀರಂಚಿನ ಹಕ್ಕಿಗಳು ಸೆಪ್ಟೆಂಬರ್ ಹೊತ್ತಿಗೆ ವಾಲ್ವಿಸ್ ಬೇ ತೀರಕ್ಕೆ ಇಳಿಯತೊಡಗುತ್ತವೆ. ಒಣಗಾಲದ ಹೊಂಡಗಳೂ ಬೇಕು, ವಲಸೆ ಹಕ್ಕಿಗಳೂ ಬೇಕು ಎನ್ನುವವರಿಗೆ ಅಕ್ಟೋಬರ್ ಸರಿಯಾದ ತಿಂಗಳು. ಬಿಸಿಲು ಕಠಿಣವಾಗಿರುತ್ತದೆ, ನಡುಹಗಲನ್ನು ನೆರಳಿಗೆ ಬಿಟ್ಟುಕೊಡಲು ಸಿದ್ಧರಾಗಿ.

ದಾರಿ: ಹದಿನಾಲ್ಕು ರಾತ್ರಿ, ಎಂಟು ತಾಣ

ರಾಜಧಾನಿ ವಿಂಡ್‌ಹುಕ್‌ನಲ್ಲಿ ಒಂದು ರಾತ್ರಿ, ಸೆಸ್ರಿಯಮ್‌ನಲ್ಲಿ ಎರಡು, ವಾಲ್ವಿಸ್ ಬೇಯಲ್ಲಿ ಮೂರು, ಸ್ಪಿಟ್ಸ್‌ಕೊಪ್ಪೆಯಲ್ಲಿ ಎರಡು, ಎರೊಂಗೊ ಬೆಟ್ಟಗಳ ಬಳಿ ಒಂದು, ಎಟೋಷಾ ರಾಷ್ಟ್ರೀಯ ಉದ್ಯಾನದ ಒಕೌಕುಯೆಯೊ ಮತ್ತು ಹಲಾಲಿ ಶಿಬಿರಗಳಲ್ಲಿ ಎರಡೆರಡು, ವಾಟರ್‌ಬರ್ಗ್ ಪ್ರಸ್ಥಭೂಮಿಯಲ್ಲಿ ಒಂದು. ಊರಿಂದ ಊರಿಗೆ ಸೇರಿಸಿದರೆ ಸುಮಾರು ಎರಡು ಸಾವಿರ ಕಿಲೋಮೀಟರ್. ಅಲ್ಲಲ್ಲಿನ ಸುತ್ತಾಟ ಬೇರೆ.

ಅಕ್ಕಪಕ್ಕದ ಎರಡು ದಿನ ಮುನ್ನೂರು ಕಿಲೋಮೀಟರ್‌ಗಿಂತ ಹೆಚ್ಚು ಓಡಿಸಬಾರದೆಂಬ ನಿಯಮವನ್ನು ನಾನು ಗಟ್ಟಿಯಾಗಿ ಪಾಲಿಸುತ್ತೇನೆ. ಜಲ್ಲಿ ರಸ್ತೆಯಲ್ಲಿ ಮುನ್ನೂರು ಎಂದರೆ ಐದು ಗಂಟೆ, ಹಕ್ಕಿಗಳಿಗಾಗಿ ನಿಲ್ಲುವವರಿಗೆ ಎಂಟು ಗಂಟೆ.

ಈಶಾನ್ಯದ ಜಾಂಬೆಜಿ ಪ್ರದೇಶವನ್ನು ಈ ದಾರಿಯಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿನ ನದಿಗಳ ದಂಡೆಯಲ್ಲಿ ಹಕ್ಕಿಗಳ ಬಗೆ ಇನ್ನೂ ಹೆಚ್ಚು: ಆಫ್ರಿಕನ್ ಮೀನುಗಿಡುಗ, ದಂಡೆಯ ಮಣ್ಣಿನಲ್ಲಿ ಸಾಲು ಸಾಲು ಬಿಲ ತೋಡುವ ಕೆಂಪು ಕಾರ್ಮೈನ್ ಕಳ್ಳಿಪೀರ, ಅದೃಷ್ಟವಿದ್ದರೆ ಮೀನು ಹಿಡಿಯುವ ಪೆಲ್ಸ್ ಗೂಬೆ. ಆದರೆ ವಿಂಡ್‌ಹುಕ್‌ನಿಂದ ಆ ದಾರಿಯ ರುಂಡು ಪಟ್ಟಣಕ್ಕೇ ಏಳುನೂರು ಕಿಲೋಮೀಟರ್, ಅಲ್ಲಿಂದ ಮುಂದೆಯೂ ದಾರಿಯಿದೆ. ಎರಡು ವಾರದಲ್ಲಿ ಅದನ್ನೂ ತುರುಕಿದರೆ ನಿಮ್ಮ ನೆನಪಿನಲ್ಲಿ ಉಳಿಯುವುದು ಡಾಂಬರು ಮಾತ್ರ. ಮೂರು ವಾರವಿದ್ದರೆ ಹೋಗಿ. ಹೋದರೆ ಒಂದು ಮಾತು ನೆನಪಿರಲಿ: ದೇಶವನ್ನು ಅಡ್ಡಲಾಗಿ ಸೀಳುವ ಪಶುವೈದ್ಯಕೀಯ ಬೇಲಿಯೊಂದಿದೆ, ಜನ ಅದನ್ನು ಕೆಂಪು ಗೆರೆ ಎನ್ನುತ್ತಾರೆ. ಕಾಲುಬಾಯಿ ರೋಗದ ಭಯದಿಂದ ಅದರ ಉತ್ತರದ ಹಸಿ ಮಾಂಸವನ್ನು ದಕ್ಷಿಣಕ್ಕೆ ತರಲು ಬಿಡುವುದಿಲ್ಲ. ಬಿ8 ಹೆದ್ದಾರಿಯ ಮುರುರಾನಿ ತಪಾಸಣಾ ಠಾಣೆಯಲ್ಲಿ ನಿಮ್ಮ ತಂಪುಪೆಟ್ಟಿಗೆಯನ್ನು ತೆರೆದು ನೋಡುತ್ತಾರೆ.

ಗಾಡಿ ಮತ್ತು ಜಲ್ಲಿ ರಸ್ತೆ

ಈ ಭಾಗವನ್ನು ದಯವಿಟ್ಟು ಎರಡು ಬಾರಿ ಓದಿ. ಸಿಂಹ, ಹಾವುಗಳಿಗಿಂತ ಪ್ರವಾಸಿಗರಿಗೆ ಅಲ್ಲಿ ಅಪಾಯ ತರುವುದು ಜಲ್ಲಿ ರಸ್ತೆಯ ಮೇಲಿನ ವೇಗ. ತಿರುವಿನಲ್ಲಿ ಹಿಂದಿನ ಚಕ್ರ ಜಾರಿದಾಗ ಗಾಬರಿಯಿಂದ ಬ್ರೇಕ್ ಒತ್ತಿ ಸ್ಟೀರಿಂಗ್ ಎಳೆದರೆ ಗಾಡಿ ಪಲ್ಟಿ ಹೊಡೆಯುತ್ತದೆ. ಎದುರಿಗೆ ಯಾರೂ ಇರುವುದಿಲ್ಲ; ಒಂಟಿ ಗಾಡಿಯೇ ಮಗುಚಿಕೊಳ್ಳುತ್ತದೆ.

ಬಾಡಿಗೆಗೆ ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ, ನೆಲದಿಂದ ಎತ್ತರವಿರುವ ಗಾಡಿಯನ್ನೇ ಪಡೆಯಿರಿ. ಕೊಡುವವರ ಮುಂದೆಯೇ ಮೂರು ವಿಷಯ ಪರೀಕ್ಷಿಸಿ. ಸ್ಟೆಪ್ನಿ ಎರಡಿವೆಯೇ ಮತ್ತು ಎರಡರಲ್ಲೂ ಗಾಳಿ ಇದೆಯೇ? ಜಾಕ್ ಎಲ್ಲಿದೆ, ನಟ್ಟುಗಳನ್ನು ಬಿಚ್ಚಲು ಬರುತ್ತದೆಯೇ? ವಿಮೆಯಲ್ಲಿ ಟೈರು, ಮುಂಗಾಜು, ಗಾಡಿಯ ತಳ ಮತ್ತು ಒಂಟಿ ಗಾಡಿ ಮಗುಚುವ ಅಪಘಾತ ಸೇರಿವೆಯೇ? ಕೊನೆಯದನ್ನು ಬಹಳಷ್ಟು ವಿಮೆಗಳು ಸಣ್ಣ ಅಕ್ಷರದಲ್ಲಿ ಕೈಬಿಟ್ಟಿರುತ್ತವೆ. ಓಡಿಸಲಿರುವ ಪ್ರತಿಯೊಬ್ಬರ ಹೆಸರೂ ಕರಾರಿನಲ್ಲಿರಬೇಕು. ಮೂಲ ಚಾಲನಾ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಪರವಾನಗಿಯನ್ನೂ ಒಯ್ಯಿರಿ.

ಒಂದು ಮಧ್ಯಾಹ್ನ ನಮ್ಮ ಟೈರು ಹರಿದಾಗ ಜಾಕ್ ಇತ್ತು, ಆದರೆ ಅದರ ಹಿಡಿಕೆ ಇರಲಿಲ್ಲ. ಎರಡು ಗಂಟೆಯ ನಂತರ ಬಂದ ಮೊದಲ ಗಾಡಿಯವರು ತಾವೇ ಇಳಿದು ಬಂದು ನೆರವಾದರು. ಅಲ್ಲಿ ನಿಂತಿರುವ ಗಾಡಿಯನ್ನು ಕಂಡರೆ ಯಾರೂ ಹಾಗೆಯೇ ಹಾದು ಹೋಗುವುದಿಲ್ಲ. ನೀವೂ ಹೋಗಬೇಡಿ.

ಸಂಚಾರ ಎಡಬದಿಯಲ್ಲಿ. ಡಾಂಬರು ಹೆದ್ದಾರಿಯಲ್ಲಿ ಗರಿಷ್ಠ ವೇಗ ಗಂಟೆಗೆ 120 ಕಿ.ಮೀ., ಜಲ್ಲಿಯಲ್ಲಿ 100. ಬಾಡಿಗೆಗೆ ಕೊಡುವವರು ಸಾಮಾನ್ಯವಾಗಿ ಜಲ್ಲಿಯಲ್ಲಿ 80 ದಾಟಬಾರದೆಂದು ಕರಾರು ಹಾಕುತ್ತಾರೆ, ಮತ್ತು ಅದೇ ಸರಿ. ನಾವು 60ರಲ್ಲಿ ಓಡಿಸಿದೆವು. ಹಕ್ಕಿ ಕಣ್ಣಿಗೆ ಬೀಳುವುದೂ ಆ ವೇಗದಲ್ಲೇ. ಜಲ್ಲಿಗೆ ಟೈರಿನ ಗಾಳಿಯನ್ನು ಎಷ್ಟು ತಗ್ಗಿಸಬೇಕೆಂದು ಗಾಡಿ ಪಡೆಯುವಾಗಲೇ ಕೇಳಿ ಬರೆದುಕೊಳ್ಳಿ. ಎದುರು ಗಾಡಿಯ ಧೂಳು ಕಂಡೊಡನೆ ವೇಗ ಇಳಿಸಿ, ಎಡಕ್ಕೆ ಸರಿದು, ದೀಪ ಹಚ್ಚಿ. ಸೂರ್ಯ ಮುಳುಗಿದ ಮೇಲೆ ಓಡಿಸಲೇಬೇಡಿ. ಕುಡು ಜಿಂಕೆಗಳೂ ಕಾಡುಹಂದಿಗಳೂ ಕತ್ತಲಲ್ಲಿ ರಸ್ತೆಗೆ ನುಗ್ಗುತ್ತವೆ.

ಗಾಡಿಯೊಳಗೆ ಒಂದು ಶಿಸ್ತು ಬೇಕು. ಓಡಿಸುವವರು ಹಕ್ಕಿ ನೋಡುವಂತಿಲ್ಲ. ನೋಡುವವರು ಗಡಿಯಾರದ ಮುಳ್ಳಿನಂತೆ ದಿಕ್ಕು ಹೇಳಲಿ: ಗಾಡಿಯ ಮೂತಿ ಹನ್ನೆರಡು, ಬಲಗಿಟಕಿ ಮೂರು. "ನಿಲ್ಲಿಸಿ" ಎಂದು ಕಿರುಚಬಾರದು. "ಎರಡು ಗಂಟೆ ದಿಕ್ಕಿನಲ್ಲಿ, ಒಣಮರದ ತುದಿಯಲ್ಲಿ" ಎಂದರೆ ಸಾಕು. ಓಡಿಸುವವರು ಹಿಂದೆ ಮುಂದೆ ನೋಡಿ, ದಿಬ್ಬದ ನೆತ್ತಿಯನ್ನು ತಪ್ಪಿಸಿ, ಅಂಚಿಗೆ ಬಂದು ನಿಲ್ಲಿಸುತ್ತಾರೆ. ಎರಡು ಗಂಟೆಗೊಮ್ಮೆ ಚಾಲಕರು ಬದಲಾಗಲಿ.

ಇಂಧನದ ಮಾತು ಚಿಕ್ಕದು: ಬಂಕ್ ಕಂಡಲ್ಲೆಲ್ಲ ತುಂಬಿಸಿ, ಅರ್ಧ ತುಂಬಿದ್ದರೂ ಸರಿ.

ಮರಳುದಿಬ್ಬದ ನೆಲಗುಬ್ಬಿ

ನಮೀಬಿಯಾ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿಯೆಂದರೆ ಡ್ಯೂನ್ ಲಾರ್ಕ್. ಮರಳಿನ ಕೆಂಪನ್ನೇ ಬೆನ್ನಿಗೆ ಹಚ್ಚಿಕೊಂಡ ಪುಟ್ಟ ನೆಲಗುಬ್ಬಿ. ಸೆಸ್ರಿಯಮ್‌ನಲ್ಲಿ ನಮೀಬ್-ನೌಕ್ಲುಫ್ಟ್ ಉದ್ಯಾನದ ಗೇಟಿನೊಳಗಿನ ಶಿಬಿರದಲ್ಲೇ ತಂಗಿ, ಏಕೆಂದರೆ ಒಳಗೆ ತಂಗಿದವರಿಗೆ ಸೂರ್ಯೋದಯಕ್ಕೆ ಮೊದಲೇ ದಿಬ್ಬಗಳತ್ತ ಹೋಗಲು ಬಿಡುತ್ತಾರೆ. ಎಲ್ಲರೂ ಬೆಳಗಿನ ಬಣ್ಣ ನೋಡಲು ದಿಬ್ಬಗಳ ನಡುವಿನ ಸೊಸುಸ್‌ವ್ಲೈ ಕಡೆಗೆ ಅರವತ್ತು ಕಿಲೋಮೀಟರ್ ಧಾವಿಸುತ್ತಾರೆ. ಮೊದಲ ದಿನ ನೀವು ಧಾವಿಸಬೇಡಿ. ಗೇಟಿನ ಹತ್ತಿರದ ಎಲಿಮ್ ದಿಬ್ಬದ ಬುಡದಲ್ಲಿ, ಹುಲ್ಲಿನ ಕುಚ್ಚುಗಳ ನಡುವೆ, ನಾಲ್ವರೂ ಅಗಲವಾಗಿ ಹರಡಿಕೊಂಡು ಮೆಲ್ಲನೆ ನಡೆಯಿರಿ. ಮೊದಲು ಹುಡುಕಬೇಕಾದುದು ಹಕ್ಕಿಯನ್ನಲ್ಲ, ಮರಳಿನ ಮೇಲಿನ ಹೆಜ್ಜೆಯನ್ನು. ರಾತ್ರಿಯ ಗಾಳಿ ಹಳೆಯ ಗುರುತುಗಳನ್ನು ಅಳಿಸಿರುತ್ತದೆ, ಆದ್ದರಿಂದ ಕಾಣುವ ಹೆಜ್ಜೆ ಅಂದಿನದೇ. ಕುಚ್ಚಿನಿಂದ ಕುಚ್ಚಿಗೆ ಓಡಿದ ಆ ಸಾಲನ್ನು ಹಿಂಬಾಲಿಸಿದರೆ ಕೊನೆಯಲ್ಲಿ ಹಕ್ಕಿ ಇರುತ್ತದೆ. ನಮಗೆ ಅದು ಸಿಕ್ಕಿದ್ದು ಎಂಟೂವರೆಗೆ, ಎರಡು ಗಂಟೆಯ ನಂತರ.

ಸೊಸುಸ್‌ವ್ಲೈಗೆ ಎರಡನೆಯ ದಿನ ಹೋಗಿ. ಕೊನೆಯ ಐದು ಕಿಲೋಮೀಟರ್ ಆಳವಾದ ಮರಳು. ಮರಳಿನಲ್ಲಿ ಓಡಿಸಿ ಅಭ್ಯಾಸವಿಲ್ಲದಿದ್ದರೆ ಅಲ್ಲಿನ ಸಾಗಣೆ ಗಾಡಿ ಹತ್ತುವುದೇ ಜಾಣತನ. ದಾರಿಯಲ್ಲಿ ಜಾಲಿಮರಗಳ ಮೇಲೆ ಹುಲ್ಲಿನ ಬಣವೆ ಎತ್ತಿಟ್ಟಂತೆ ಕಂಡರೆ ಅದು ಸೋಷಿಯಬಲ್ ಗೀಜಗಗಳ ಕೂಡುಗೂಡು. ಒಂದೊಂದರಲ್ಲೂ ಹತ್ತಾರು ಕೋಣೆಗಳು, ತಲೆಮಾರುಗಳಿಂದ ಬೆಳೆದು ಬಂದವು. ಅಂಥ ಗೂಡಿನ ಪಕ್ಕದ ಕೊಂಬೆಗಳನ್ನೂ ಗಮನಿಸಿ: ಅದರಲ್ಲೇ ಒಂದು ಕೋಣೆ ಹಿಡಿದಿರುವ ಅಂಗೈಯಗಲದ ಪಿಗ್ಮಿ ಫಾಲ್ಕನ್ ಅಲ್ಲಿ ಕುಳಿತಿರಬಹುದು.

ತೀರದಲ್ಲಿ ಮೂರು ದಿನ ಏಕೆ

ವಾಲ್ವಿಸ್ ಬೇಯ ಹಿನ್ನೀರು 1995ರಿಂದ ರಾಮ್ಸರ್ ತಾಣ, ಎಂದರೆ ಅಂತರರಾಷ್ಟ್ರೀಯ ಒಪ್ಪಂದದಡಿ ಗುರುತಿಸಿದ ಜೌಗುಪ್ರದೇಶ. ಊರಿನ ಅಂಚಿನ ಕಾಲುದಾರಿಯಲ್ಲಿ ನಿಂತರೆ ಸಾಕು, ಫ್ಲೆಮಿಂಗೊಗಳ ಎರಡೂ ಬಗೆಗಳು ಎದುರಿಗೇ ಇರುತ್ತವೆ. ದೊಡ್ಡದರ ಕೊಕ್ಕು ಗುಲಾಬಿ, ತುದಿ ಮಾತ್ರ ಕಪ್ಪು. ಚಿಕ್ಕದರ ಕೊಕ್ಕು ಗಾಢ ಕೆಂಪು. ಒಮ್ಮೆ ಕಣ್ಣಿಗೆ ಹತ್ತಿದರೆ ಮರೆಯುವುದಿಲ್ಲ. ಆದರೆ ಮೂರು ದಿನ ಬೇಕಾಗುವುದು ಅವುಗಳಿಗಲ್ಲ, ನೀರಂಚಿನಲ್ಲಿ ಓಡಾಡುವ ಸಣ್ಣ ಬೂದು ಹಕ್ಕಿಗಳಿಗೆ. ಅವುಗಳನ್ನು ಗುರುತಿಸಲು ಸಮಯವೂ ಟೆಲಿಸ್ಕೋಪೂ ಬೇಕು.

ಇಲ್ಲಿ ಗಡಿಯಾರಕ್ಕಿಂತ ಉಬ್ಬರದ ಪಟ್ಟಿ ಮುಖ್ಯ. ಇಳಿತದಲ್ಲಿ ಹಕ್ಕಿಗಳು ಕೆಸರಿನ ಬಯಲಿನುದ್ದಕ್ಕೂ ಚದುರಿ ಚುಕ್ಕೆಗಳಾಗುತ್ತವೆ. ನೀರು ಏರತೊಡಗಿದಾಗ ಕೆಸರು ಕಿರಿದಾಗುತ್ತ, ಅವು ಹಿಂಡಾಗಿ ನಿಮ್ಮತ್ತಲೇ ಸರಿಯುತ್ತವೆ. ಏರುವ ನೀರಿನ ಎರಡು ಗಂಟೆ ಒಂದೇ ಕಡೆ ಕುಳಿತುಬಿಡಿ. ಬೆಳಿಗ್ಗೆ ಮಂಜು ಕವಿಯುವುದು ಸಾಮಾನ್ಯ, ಮಧ್ಯಾಹ್ನದ ಮೇಲೆ ಗಾಳಿ ಟೆಲಿಸ್ಕೋಪನ್ನು ಅಲುಗಿಸುತ್ತದೆ. ನಡುವಿನ ಹೊತ್ತೇ ಚೆನ್ನ. ಉಪ್ಪಿನ ಗದ್ದೆಗಳ ಅಂಚಿನಲ್ಲಿ ಎದೆಗೆ ಕಂದುಪಟ್ಟಿ ಕಟ್ಟಿದ ಚೆಸ್ಟ್‌ನಟ್-ಬ್ಯಾಂಡೆಡ್ ಪ್ಲವರ್ ಹುಡುಕಿ.

ಡಮಾರಾ ರೀವದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ತೀರದ ಹಿಂದಿನ ಬೋಳು ಜಲ್ಲಿ ಬಯಲಿನಲ್ಲಿ, ಗೂಡೆಂಬುದೇ ಇಲ್ಲದೆ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುವ ಹಕ್ಕಿ ಅದು. ಕಲ್ಲಿನ ಬಣ್ಣದ ಆ ಮೊಟ್ಟೆ ಓಡಿಸುವವರ ಕಣ್ಣಿಗೆ ಕಾಣುವುದಿಲ್ಲ. ಖಾಲಿ ಬಯಲಲ್ಲವೇ ಎಂದು ರಸ್ತೆ ಬಿಟ್ಟು ಗಾಡಿ ಇಳಿಸಿದರೆ ಆ ವರ್ಷದ ಒಂದು ಸಂಸಾರವೇ ಚಕ್ರದಡಿ ಹೋಗುತ್ತದೆ. ಮಂಜಿನ ಹನಿಯಿಂದಲೇ ಬದುಕುವ ಕಲ್ಲುಹೂವುಗಳೂ ಅದೇ ಬಯಲಿನಲ್ಲಿವೆ. ಅವುಗಳ ಮೇಲೆ ಮೂಡಿದ ಚಕ್ರದ ಗುರುತು ದಶಕಗಳವರೆಗೆ ಉಳಿಯುತ್ತದೆ. ಗುರುತಿಸಿದ ಹಾದಿ ಬಿಟ್ಟು ಒಂದಡಿಯೂ ಗಾಡಿ ಇಳಿಸಬೇಡಿ, ಫೋಟೊಗಾಗಿಯೂ ಬೇಡ.

ಬಂಡೆಗಳ ಊರು

ಸ್ಪಿಟ್ಸ್‌ಕೊಪ್ಪೆ 1,728 ಮೀಟರ್ ಎತ್ತರದ ಗ್ರಾನೈಟ್ ಬೆಟ್ಟ, ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತಿದೆ. ಅಲ್ಲಿ ಮುಂಜಾನೆಯ ಮೊದಲ ಗಂಟೆಯೇ ಎಲ್ಲ. ಹೆರೆರೊ ಚಾಟ್ ಮುಳ್ಳುಗಿಡದ ತಗ್ಗು ಕೊಂಬೆಯಲ್ಲಿ ಅಲುಗದೆ ಕುಳಿತಿದ್ದು, ನೆಲಕ್ಕೆ ಧುಮುಕಿ ಹುಳ ಹಿಡಿದು ಮತ್ತೆ ಏರುತ್ತದೆ. ಅಲುಗದ ಹಕ್ಕಿಯನ್ನು ಕಾಣಲು ನೀವೂ ಅಲುಗದಿರಬೇಕು: ಬಂಡೆಗೆ ಒರಗಿ ಕುಳಿತು ಒಂದೊಂದೇ ಗಿಡವನ್ನು ದುರ್ಬೀನಿನಿಂದ ತಡವಿ. ಬಾಲವೇ ಇಲ್ಲವೇನೋ ಎನ್ನುವಂತೆ ಗುಂಡಗಿರುವ ವೈಟ್-ಟೇಲ್ಡ್ ಶ್ರೈಕ್ ಮತ್ತು ಮೊಂಟೇರೊ ಮಂಗಟ್ಟೆ ಹಕ್ಕಿಯೂ ಸುತ್ತಮುತ್ತ ಸಿಗುತ್ತವೆ.

ಎರೊಂಗೊದಲ್ಲಿ ಒಂದು ರಾತ್ರಿ ತಂಗುವುದು ಎರಡು ಹಕ್ಕಿಗಳಿಗಾಗಿ: ಬಂಡೆಯ ನೆತ್ತಿಯಲ್ಲಿ ಬೆಳಗಾಗುತ್ತಿದ್ದಂತೆ ಜೋಡಿಯಾಗಿ ಕೂಗುವ ಹಾರ್ಟ್‌ಲಾಬ್ ಸ್ಪರ್‌ಫೌಲ್, ಮತ್ತು ಕಲ್ಲುಗಳ ನಡುವೆ ಇಲಿಯಂತೆ ಓಡುವ ರಾಕ್‌ರನ್ನರ್. ಇವುಗಳ ಕೂಗಿನ ಧ್ವನಿಮುದ್ರಿಕೆ ಹಾಕಿ ಹೊರಗೆ ಕರೆಯುವ ಆಸೆ ಇಲ್ಲಿ ಹುಟ್ಟುತ್ತದೆ. ಬೇಡ. ತನ್ನ ಜಾಗಕ್ಕೆ ಎದುರಾಳಿ ಬಂತೆಂದು ಹೆದರಿ ಅದು ಗೂಡು ಬಿಟ್ಟು ಹೊರಬರುತ್ತದೆ. ಹಿಂದಿನ ದಿನ ಬಂದವರೂ ನಾಳೆ ಬರುವವರೂ ಅದನ್ನೇ ಮಾಡಿದರೆ ಮರಿಗೆ ಗುಟುಕು ಕೊಡುವ ಹೊತ್ತೆಲ್ಲ ಜಗಳಕ್ಕೇ ಹೋಗುತ್ತದೆ. ಧ್ವನಿಯನ್ನು ರಾತ್ರಿ ಕೋಣೆಯೊಳಗೆ ಕೇಳಿ ಕಿವಿಗೆ ಅಭ್ಯಾಸ ಮಾಡಿಕೊಳ್ಳಿ, ಬೆಳಿಗ್ಗೆ ಬರಿಗೈಯಲ್ಲಿ ಹೋಗಿ.

ಎಟೋಷಾ: ಹೊಂಡದ ಬಳಿ ಕುಳಿತಿರುವುದು

1907ರಲ್ಲಿ ರಕ್ಷಿತ ಪ್ರದೇಶವಾದ ಎಟೋಷಾದ ಮಧ್ಯೆ ಸುಮಾರು 4,800 ಚದರ ಕಿಲೋಮೀಟರಿನ ಉಪ್ಪುಬಯಲಿದೆ. ಒಳಗೆ ವೇಗದ ಮಿತಿ 60. ಶಿಬಿರ ಮತ್ತು ಬೇಲಿ ಹಾಕಿದ ವಿಶ್ರಾಂತಿ ಜಾಗಗಳನ್ನು ಬಿಟ್ಟು ಬೇರೆಲ್ಲೂ ಗಾಡಿಯಿಂದ ಇಳಿಯುವಂತಿಲ್ಲ. ಸೂರ್ಯಾಸ್ತದೊಳಗೆ ಶಿಬಿರ ಸೇರಬೇಕು. ಅಂದಿನ ವೇಳೆಯನ್ನು ಗೇಟಿನಲ್ಲಿ ಬರೆದಿರುತ್ತಾರೆ.

ಬಹುತೇಕ ಗಾಡಿಗಳು ಹೊಂಡದಿಂದ ಹೊಂಡಕ್ಕೆ ಓಡುತ್ತವೆ, ಸಿಂಹವಿಲ್ಲದಿದ್ದರೆ ಐದು ನಿಮಿಷಕ್ಕೆ ಹೊರಡುತ್ತವೆ. ನೀವು ಬೆಳಿಗ್ಗೆ ಒಂದೇ ಹೊಂಡವನ್ನು ಆರಿಸಿಕೊಳ್ಳಿ. ಸೂರ್ಯ ಬೆನ್ನಿಗಿರುವಂತೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಮೂರು ಗಂಟೆ ಇರಿ. ಬಿಸಿಲೇರುವ ಹೊತ್ತಿಗೆ ನಮಾಕ್ವಾ ಸ್ಯಾಂಡ್‌ಗ್ರೌಸ್ ಹಿಂಡುಗಳು ಕೂಗುತ್ತ ಇಳಿಯುತ್ತವೆ. ಗಂಡು ಹೊಟ್ಟೆಯನ್ನು ನೀರಿಗೆ ತಾಗಿಸಿ ಅಲುಗಾಡುವುದನ್ನು ಕಂಡರೆ ಉಸಿರು ಹಿಡಿದು ನೋಡಿ: ಗರಿಗಳಲ್ಲಿ ನೀರು ಹೀರಿಸಿಕೊಂಡು, ದೂರದ ಮರುಭೂಮಿಯಲ್ಲಿರುವ ಮರಿಗಳಿಗೆ ಹೊತ್ತೊಯ್ಯುತ್ತಿದೆ. ಪಕ್ಕದ ಹುಲ್ಲಿನಲ್ಲಿ ಕೋರಿ ಬಸ್ಟರ್ಡ್ ನಡೆಯಬಹುದು, ಎರೆಭೂತದ ಬಳಗದ ಭಾರಿ ಹಕ್ಕಿ. ಸೆಕ್ರೆಟರಿ ಹಕ್ಕಿ ಹಾವು ಹುಡುಕುತ್ತ ಬರಬಹುದು.

ಒಕೌಕುಯೆಯೊ ಶಿಬಿರದ ಹೊಂಡಕ್ಕೆ ರಾತ್ರಿಯಿಡೀ ದೀಪವಿರುತ್ತದೆ. ಕತ್ತಲಾಗುತ್ತಿದ್ದಂತೆ ಡಬಲ್-ಬ್ಯಾಂಡೆಡ್ ಸ್ಯಾಂಡ್‌ಗ್ರೌಸ್ ಬರುತ್ತವೆ, ಆಮೇಲೆ ಕಪ್ಪು ಖಡ್ಗಮೃಗ. ಬೆಚ್ಚನೆಯ ಅಂಗಿ ತೊಟ್ಟು ಕಲ್ಲಿನ ಗೋಡೆಯ ಬಳಿ ಕೂರಿ, ಮಾತು ಬೇಡ. ಹಲಾಲಿಯಲ್ಲಿ ಶಿಬಿರದೊಳಗೇ ಕಾಲ್ನಡಿಗೆಯಲ್ಲಿ ಹುಡುಕಿ: ಬೇರ್-ಚೀಕ್ಡ್ ಹರಟೆಮಲ್ಲಗಳು ಮತ್ತು ವಯಲೆಟ್ ವುಡ್‌ಹೂಪೋ ಮೊಪಾನೆ ಮರಗಳಲ್ಲಿ ತಂಡವಾಗಿ ಸುತ್ತುತ್ತವೆ. ಮಳೆಗಾಲದಲ್ಲಿ ಹೋಗುವವರು ಹಲಾಲಿಯ ಬದಲು ನಮುಟೋನಿಯಲ್ಲಿ ತಂಗಿ ಪಕ್ಕದ ಫಿಷರ್ಸ್ ಪ್ಯಾನ್ ನೋಡಿ. ಅಲ್ಲಿ ನೀರು ನಿಂತಾಗ ಫ್ಲೆಮಿಂಗೊಗಳು ಬರುತ್ತವೆ.

ಉಳಿದ ಸಣ್ಣ ಸಂಗತಿಗಳು

ನಮೀಬಿಯಾದ ಡಾಲರ್ ಮತ್ತು ದಕ್ಷಿಣ ಆಫ್ರಿಕಾದ ರಾಂಡ್ ಸಮಬೆಲೆಯವು. ರಾಂಡ್ ಅಲ್ಲಿ ನಡೆಯುತ್ತದೆ. ಒಳನಾಡಿಗೆ ನಗದು ಇಟ್ಟುಕೊಳ್ಳಿ. ಪಟ್ಟಣಗಳ ನಡುವೆ ಮೊಬೈಲ್ ಸಂಕೇತ ಸಿಗುವುದಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಂಡು ಕಾಗದದ ನಕ್ಷೆಯನ್ನೂ ಒಯ್ಯಿರಿ. ವಿದ್ಯುತ್ ಪ್ಲಗ್ ಮೂರು ದಪ್ಪ ದುಂಡು ಕಡ್ಡಿಯದು. ತಲೆಗೆ ದಿನಕ್ಕೆ ಐದು ಲೀಟರ್ ನೀರು ಸದಾ ಗಾಡಿಯಲ್ಲಿರಲಿ. ಎಟೋಷಾ ಮತ್ತು ಉತ್ತರದಲ್ಲಿ ಮಲೇರಿಯಾ ಇರುವುದರಿಂದ ಹೊರಡುವ ಕೆಲವು ವಾರಗಳ ಮೊದಲೇ ವೈದ್ಯರನ್ನು ಕಾಣಿ. ಪೊಲೀಸರ ತುರ್ತು ಸಂಖ್ಯೆ 10111. ಅಂಗಡಿಯಲ್ಲಾಗಲಿ ಗೇಟಿನಲ್ಲಾಗಲಿ ಮೊದಲು ನಮಸ್ಕಾರ, ಕ್ಷೇಮ ಸಮಾಚಾರ, ಆಮೇಲೆ ನಿಮ್ಮ ಪ್ರಶ್ನೆ. ನೇರವಾಗಿ ಪ್ರಶ್ನೆಗೆ ಇಳಿಯುವುದನ್ನು ಅಲ್ಲಿನವರು ಒರಟುತನವೆಂದು ಎಣಿಸುತ್ತಾರೆ.

ರಾತ್ರಿಯ ಊಟದ ನಂತರ ಅಂದಿನ ಪಟ್ಟಿಯನ್ನು ನಾಲ್ವರೂ ಸೇರಿ ಬರೆಯಿರಿ. ಒಬ್ಬರಿಗೇ ಕಂಡದ್ದು ಅವರ ಹೆಸರಿನ ಮುಂದೆ ಇರಲಿ, ಅನುಮಾನವಿದ್ದುದನ್ನು ಅನುಮಾನವೆಂದೇ ಬರೆಯಿರಿ. ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಸೇರಿಸುವಾಗಲೂ ಹಾಗೆಯೇ. ಜನ ಕಡಿಮೆ ಇರುವ ನಾಡಿನಲ್ಲಿ ಪ್ರವಾಸಿಗರ ಸರಿಯಾದ ದಾಖಲೆಗಳಿಗೆ ಬೆಲೆಯಿದೆ, ಗಡಿಬಿಡಿಯ ತಪ್ಪು ದಾಖಲೆಗಳಿಂದ ಹಾನಿಯೂ ಇದೆ.

ಕೊನೆಯ ದಿನ ಬೆಳಗಿನ ವಿಮಾನಕ್ಕೆ ಟಿಕೆಟ್ ತೆಗೆಯಬೇಡಿ, ಸಂಜೆಯದನ್ನೇ ನೋಡಿ. ವಾಟರ್‌ಬರ್ಗ್‌ನಲ್ಲಿ ಬೆಳಿಗ್ಗೆ ಬಂಡೆಗೋಡೆಯ ಕೆಳಗೆ ರುಪೆಲ್ ಗಿಳಿಗಳನ್ನು ಹುಡುಕಿ ಹೊರಟರೆ ವಿಂಡ್‌ಹುಕ್‌ಗೆ ಮೂರೂವರೆ ಗಂಟೆಯ ದಾರಿ, ಎಲ್ಲವೂ ಸಲೀಸು. ವಿಮಾನ ನಿಲ್ದಾಣ ಊರಿಂದ ಪೂರ್ವಕ್ಕೆ ಸುಮಾರು ನಲವತ್ತು ಕಿಲೋಮೀಟರ್, ಮತ್ತು ಅದೇ ದಿಕ್ಕಿನಲ್ಲಿ ಊರಿನ ಅಂಚಿಗೆ ಅವಿಸ್ ಅಣೆಕಟ್ಟು ಇದೆ. ಚೀಲಗಳು ಗಾಡಿಯಲ್ಲಿ ಕಾಣುವಂತೆ ಬಿಡದೆ ಒಬ್ಬರು ಕಾವಲಿರಿ, ಉಳಿದ ಮೂವರು ನೀರಿನ ಸುತ್ತ ನಡೆದು ಬನ್ನಿ, ಆಮೇಲೆ ಸರದಿ ಬದಲಿಸಿ. ದುರ್ಬೀನನ್ನು ಚೀಲಕ್ಕೆ ಹಾಕುವುದು ಗಾಡಿಯ ಕೀಲಿ ಹಿಂದಿರುಗಿಸಿದ ಮೇಲೆ.